ಜೈ ಸತ್ತ ಬೆಟ್ಟದಲ್ಲಿ ಒಂದು ಸಂಜೆ

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್. ರಾಮನಗರದಲ್ಲಿ ಬಸ್ಸಿಳಿದು “ರಾಮದೇವರ ಬೆಟ್ಟಕ್ಕೆ ಬರ್ತೀರಾ?” ಅಂದೆ. ಆಟೋದವನು ನಕ್ಕ. “ಶೋಲೆ ಬೆಟ್ಟ ತಾನೇ ಸಾರ್? ಕೂತ್ಕೊಳ್ಳಿ!”

ಊರು ಹೆಸರಾಗಿರುವುದು ರೇಷ್ಮೆಗೂಡಿನ ಮಾರುಕಟ್ಟೆಗೆ. ನಮ್ಮಂಥ ಸಿನಿಮಾ ಹುಚ್ಚರಿಗೆ ಮಾತ್ರ ಅದು ಠಾಕೂರನ ರಾಮಗಢ! 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ಇಲ್ಲಿ ಶೂಟಿಂಗ್ ಶುರು ಮಾಡಿದರು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಈ ಬಂಡೆಗಳ ನಡುವೆ ಇಡೀ ಹಳ್ಳಿಯನ್ನೇ ಕಟ್ಟಿ ನಿಲ್ಲಿಸಿದ್ದರು. ಜಯಾ ಬಾದುರಿ ಮುಸ್ಸಂಜೆಯಲ್ಲಿ ದೀಪ ಹಚ್ಚುತ್ತಾರಲ್ಲ, ಆ ಬೆಳಕಿಗಾಗಿ ಛಾಯಾಗ್ರಾಹಕ ದ್ವಾರಕಾ ದಿವೇಚಾ ದಿನಗಟ್ಟಲೆ ಕಾದರಂತೆ. ಕೆಲಸ ಮುಗಿದ ಮೇಲೆ ಸೆಟ್ಟು ಬಿಚ್ಚಿದರು. ಬಂಡೆ ಉಳಿಯಿತು. 2012ರಲ್ಲಿ ಈ ಬೆಟ್ಟವನ್ನು ರಣಹದ್ದುಗಳ ರಕ್ಷಿತ ತಾಣ ಮಾಡಿದರು. ಗಬ್ಬರ್‌ಗೆ ತಕ್ಕ ನೆರೆಹೊರೆಯೇ ಬಿಡಿ!

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕೂತಾಗ ನೆನಪಾದದ್ದು 1975ರ ಆಗಸ್ಟ್ 15ರ ಶುಕ್ರವಾರ. ಅವತ್ತು ಬಿಡುಗಡೆಯಾದ ‘ಶೋಲೆ’ ಎರಡೇ ದಿನದಲ್ಲಿ “ತೋಪು” ಅನ್ನಿಸಿಕೊಂಡಿತು! ಸುಮಾರು ಮೂರು ಕೋಟಿ ಸುರಿದ 70 ಎಂ.ಎಂ. ಚಿತ್ರ. ಜನ ಚಪ್ಪಾಳೆ ಇಲ್ಲ, ಸಿಳ್ಳೆ ಇಲ್ಲ, ಸುಮ್ಮನೆ ಕೂತಿದ್ದರು. ವ್ಯಾಪಾರದ ಪಂಡಿತರು ಅಮ್ಜದ್ ಖಾನ್ ದನಿಯನ್ನೇ ಆಡಿಕೊಂಡರು. ಅಮಿತಾಭ್ ಮನೆಯಲ್ಲಿ ತುರ್ತು ಮಾತುಕತೆ: ಜೈಯನ್ನು ಬದುಕಿಸಿ ಕೊನೆಯನ್ನು ಮತ್ತೆ ತೆಗೆಯೋಣವೇ? ಹಾಗಾಗಿದ್ದರೆ ಯೂನಿಟ್ಟು ಪುನಃ ಇಲ್ಲಿಗೇ ಓಡಿ ಬರಬೇಕಿತ್ತು. ಸೋಮವಾರದ ತನಕ ನೋಡೋಣ ಅಂತ ರಮೇಶ್ ಸಿಪ್ಪಿ ತಡೆದರು.

ಆಮೇಲೆ ಒಬ್ಬ ಥಿಯೇಟರ್ ಮಾಲೀಕ ಅವರಿಗೆ ಹೇಳಿದ್ದು ನನಗೆ ಬಲು ಇಷ್ಟ. ಇಂಟರ್ವಲ್‌ನಲ್ಲಿ ಸೋಡಾ, ಐಸ್‌ಕ್ರೀಮ್ ವ್ಯಾಪಾರವೇ ಬಿದ್ದುಹೋಗಿದೆ. ಜನ ಬೆರಗಾಗಿ ಸೀಟು ಬಿಟ್ಟು ಏಳುತ್ತಿಲ್ಲ! ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಡೈಲಾಗುಗಳ ಗ್ರಾಮಫೋನ್ ರೆಕಾರ್ಡು ಸಹ ಬಿಸಿ ದೋಸೆಯಂತೆ ಖರ್ಚಾಯಿತು. ಮುಂಬೈಯ ಮಿನರ್ವಾದಲ್ಲಿ ಚಿತ್ರ ಐದು ವರ್ಷ ಓಡಿತು. ಫಿಲ್ಮ್‌ಫೇರ್ ಕೊಟ್ಟದ್ದು ಮಾತ್ರ ಒಂದೇ ಪ್ರಶಸ್ತಿ, ಸಂಕಲನಕಾರ ಎಂ.ಎಸ್. ಶಿಂಧೆಗೆ. ತಪ್ಪು ತಿದ್ದಿಕೊಳ್ಳಲು 2005ರವರೆಗೆ ಕಾದು, 50 ವರ್ಷಗಳ ಅತ್ಯುತ್ತಮ ಚಿತ್ರ ಅಂತ ಕರೆದರು!

ಇಳಿಯುವಾಗ ನಾಲ್ಕು ಕಾಲೇಜು ಹುಡುಗರು ಎದುರಾದರು. ಒಬ್ಬ ಬಂಡೆ ಏರಿ ಆಗಲೇ ಗಬ್ಬರ್ ಆಗಿದ್ದ. ಉಳಿದ ಮೂವರದು ಒಂದೇ ಜಗಳ: “ಲೋ, ಜೈ ನಾನು ಕಣೋ!”

“ಅವನು ಕೊನೆಗೆ ಸಾಯ್ತಾನಲ್ರೋ?” ಅಂದೆ.

“ಅದಕ್ಕೇ ಸಾರ್!” ಅಂದರು ಮೂವರೂ.