ಕುದುರೆಗೆ ಕೊಡುವ ಕೈ

ಕಳೆದ ಮಾರ್ಗಶಿರ ಮಾಸದಲ್ಲಿ, ಬತ್ತದ ಕೊಯ್ಲು ಮುಗಿದ ಮೇಲೆ, ನಮ್ಮ ಕಲಘಟಗಿಯ ಹೊರಗಿನ ಹೊಲವೊಂದರಲ್ಲಿ ಕುರುಬರ ಕುರಿಹಿಂಡು ತಂಗಿದ್ದಿತು. ಹಿಂಡಿನೊಡನೆ ಕಂಬಳಿ, ಪಾತ್ರೆ, ಬಲೆಗಳ ಹೊರೆ ಹೊತ್ತುಬಂದ ತಟ್ಟುವೊಂದು ಮರಕ್ಕೆ ಕಟ್ಟಿದ್ದಿತು. ನಾನು ಒಂದು ಹಿಡಿ ಒಣಹುಲ್ಲನ್ನು ಎತ್ತಿಕೊಂಡು, “ಇದಕ್ಕೆ ಕೊಡಬಹುದೇನಪ್ಪಾ?” ಎಂದು ಕುರುಬನನ್ನು ಕೇಳಿದೆನು. ಹಿಡಿ ಹುಲ್ಲಿಗೆ ಅಪ್ಪಣೆಯೇಕೆಂದು ಆತನು ನಕ್ಕನು. ಅದರ ಕಾರಣವನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

1985ರಲ್ಲಿ ನಾನು ಸಂಸ್ಕೃತ ಪಾಠಶಾಲೆಯಿಂದ ಹೊರಬಿದ್ದು ಹೊಸದಾಗಿ ಮಾಸ್ತರನಾಗಿದ್ದೆನು. ಶಾಲಿಹೋತ್ರನ ಹೆಸರು, ನಕುಲನ ಅಶ್ವವಿದ್ಯೆ, ಈ ನಾಡನ್ನಾಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’, ಇವೆಲ್ಲವೂ ನಾಲಗೆಯ ತುದಿಯಲ್ಲಿದ್ದವು. ಕುದುರೆಯ ಗೊರಸನ್ನು ಮಾತ್ರ ಒಮ್ಮೆಯೂ ಕೈಯಿಂದ ಮುಟ್ಟಿದವನಲ್ಲ. ಆಶ್ವಯುಜದ ನವಮಿಯಂದು ಕುದುರೆಗಳಿಗೆ ನೀರಾಜನವೆತ್ತಬೇಕೆಂದು ಕೌಟಿಲ್ಯನು ‘ಅರ್ಥಶಾಸ್ತ್ರ’ದಲ್ಲಿ ವಿಧಿಸಿರುವನಷ್ಟೆ. ಆ ವರ್ಷದ ಮಹಾನವಮಿಗೆ ಅದನ್ನು ಆಚರಿಸಿ ತೋರಿಸಬೇಕೆಂಬ ಹುಮ್ಮಸ್ಸು ನನಗುಂಟಾಯಿತು.

ನೆರೆಯಲ್ಲಿ ಟಾಂಗಾ ಹೊಡೆಯುವ ವೃದ್ಧರೊಬ್ಬರಿದ್ದರು. ಅವರನ್ನು ಓಣಿಯವರೆಲ್ಲ ಚಾಚಾ ಎಂದೇ ಕರೆಯುತ್ತಿದ್ದೆವು. ಅವರು ಸಂತೆಗೆ ಹೋದ ಸಮಯದಲ್ಲಿ ನಾನು ಕುದುರೆಗೆ ಹಾರ ಹಾಕಿ ಆರತಿ ಬೆಳಗಿದೆನು. ಅಷ್ಟಕ್ಕೇ ತೃಪ್ತಿಯಾಗದೆ, ಚೀಲದೊಳಗಿನ ಹುರಳಿಯನ್ನು ನೆನೆಯಿಸದೆಯೇ ನಾಲ್ಕಾರು ಸೇರು ಸುರಿದು, ಮೇಲೆ ನಾಲ್ಕು ಹೋಳಿಗೆಗಳನ್ನೂ ತಿನ್ನಿಸಿದೆನು. ನೀರಾಜನವನ್ನು ಹೇಳಿದ ಪ್ರಕರಣದಲ್ಲಿಯೇ ಕೌಟಿಲ್ಯನು ಉತ್ತಮ, ಮಧ್ಯಮ, ಅಧಮವೆಂಬ ಕುದುರೆಗಳಿಗೆ ಬೇರೆಬೇರೆ ಅಳತೆಯ ಆಹಾರವನ್ನು ಗೊತ್ತುಪಡಿಸಿದ್ದಾನೆ. ಆ ಸಾಲುಗಳನ್ನು ನಾನು ಓದಿಯೂ ಓದಿರಲಿಲ್ಲ.

ರಾತ್ರಿ ಕುದುರೆಯು ಮುಂಗಾಲಿನಿಂದ ನೆಲ ಕೆರೆಯತೊಡಗಿತು. ಪದೇಪದೇ ತನ್ನ ಪಕ್ಕೆಯ ಕಡೆಗೆ ತಿರುಗಿ ನೋಡುವುದು, ಬೆವರುವುದು, ಬಿದ್ದು ಹೊರಳಾಡುವುದು. ಚಾಚಾ ಬೆಳಗಿನವರೆಗೆ ಅದನ್ನು ಮೆಲ್ಲನೆ ನಡೆಸಿದರು. ನಾನು ಮಾಡಿದ್ದನ್ನು ಒಪ್ಪಿಕೊಂಡಾಗ ಅವರು ಸಿಟ್ಟಾಗಲಿಲ್ಲ. “ಮಾಸ್ತರ್ರ, ಕುದರಿಗೆ ವಾಂತಿ ಬರೂದಿಲ್ರಿ. ನಾವು ಕೊಟ್ಟದ್ದೆಲ್ಲಾ ಒಳಗ ಇಟಗೊಂಡು ತಡಕೋಬೇಕ್ರಿ ಅದು,” ಎಂದಷ್ಟೇ ಅಂದರು. ಪಶುವೈದ್ಯರು ಬಂದು ಮೂಗಿನಿಂದ ನಳಿಗೆಯಿಳಿಸಿ ಎಣ್ಣೆ ಹೊಯ್ದು ಪ್ರಾಣವನ್ನುಳಿಸಿದರು. ಆದರೆ ಮೂರನೆಯ ದಿನ ಮುಂಗಾಲಿನ ಗೊರಸುಗಳು ಕಾದ ಹಂಚಿನಂತಾದವು. ಕಾಳು ಅತಿಯಾದರೆ ಅದರ ವಿಷವು ಗೊರಸಿನೊಳಗೆ ಉರಿಯೆಬ್ಬಿಸುವುದೆಂದು ವೈದ್ಯರು ಹೇಳಿದರು. ಆ ಕುದುರೆ ಮತ್ತೆ ಟಾಂಗಾ ಎಳೆಯಲಿಲ್ಲ.

ನನ್ನ ಸಂಬಳದಲ್ಲಿ ಭಾಗ ಕೊಡಹೋದರೆ ಚಾಚಾ ಮುಟ್ಟಲಿಲ್ಲ. “ದಿನಾ ಸಂಜೀಕ ಬಂದು ಗೊರಸು ಸ್ವಚ್ಛ ಮಾಡ್ರಿ,” ಎಂದರು. ಹೀಗೆ ಆರು ವರ್ಷ, ಅದು ಸಾಯುವವರೆಗೂ, ನನ್ನ ಎರಡನೆಯ ಪಾಠಶಾಲೆ ಆ ಲಾಯದಲ್ಲಿ ನಡೆಯಿತು.

ಮಳೆಗಾಲವು ನಮ್ಮಲ್ಲಿ ಕಠಿಣವಾದುದು. ಲಾಯದ ನೆಲವನ್ನು ಮೊರಮಿನಿಂದ ಎತ್ತರಿಸಿ, ತೊಯ್ದ ಹಾಸನ್ನು ದಿನವೂ ತೆಗೆಯಬೇಕು. ಇಲ್ಲವಾದರೆ ಗೊರಸಿನ ನಡುವಿನ ಮೆತ್ತನೆಯ ಭಾಗವು ಕಪ್ಪಾಗಿ ಕೊಳೆತು ನಾರುವುದು. ಬೂಸು ಹಿಡಿದ ಹುಲ್ಲನ್ನು ಎಷ್ಟೇ ಅಭಾವವಿದ್ದರೂ ಹಾಕಕೂಡದು. ಮಳೆ ನಿಂತ ಮೇಲೆ ಕಚ್ಚುವ ನೊಣಗಳು ‘ಸರ್ರಾ’ ಎಂಬ ಜ್ವರವನ್ನು ಹರಡುತ್ತವೆ. ಬೇವಿನ ಹೊಗೆಯಿಂದ ನೊಣ ದೂರವಾದರೂ, ಜ್ವರ ಬಂದರೆ ವೈದ್ಯರೇ ಬೇಕು. ಚಳಿಗಾಲದಲ್ಲಿ ಕನಿಕರಪಟ್ಟು ಲಾಯವನ್ನು ಎಲ್ಲ ಕಡೆಯಿಂದ ಮುಚ್ಚುವುದು ತಪ್ಪು. ಮೂತ್ರದ ಘಾಟು ಮತ್ತು ಹುಲ್ಲಿನ ಧೂಳು ಶ್ವಾಸವನ್ನು ಕೆಡಿಸುವವು. ಆಗ ಕುದುರೆ ನೀರನ್ನು ಕಡಿಮೆ ಕುಡಿಯುವುದರಿಂದ ಮಲ ಕಟ್ಟಿ ಶೂಲೆ ಬರುವ ಭಯವುಂಟು. ನೀರನ್ನು ತುಸು ಬೆಚ್ಚಗೆ ಮಾಡಿಕೊಡುವುದು ಲೇಸು. ಬೇಸಿಗೆಯಲ್ಲಿ ನೆರಳು, ಉಪ್ಪಿನ ಗಡ್ಡೆ, ಯಾವಾಗಲೂ ತುಂಬಿದ ಬಾನಿ ಇರಬೇಕು. ದುಡಿಯುವ ಕುದುರೆಗೆ ದಿನಕ್ಕೆ 40 ಲೀಟರಿಗೂ ಮಿಕ್ಕಿ ನೀರು ಬೇಕಾಗುವುದು. ಬೆವರಿದ ಕುದುರೆಗೆ ನೀರು ಕೊಡಬಾರದೆಂದು ಚಾಚಾ ನಂಬಿದ್ದರು. ಕೊಡುವುದೇ ಹಿತವೆಂದು ಈಗಿನ ವೈದ್ಯರ ಮತ. ಎಲ್ಲ ಋತುಗಳಿಗೂ ಸಲ್ಲುವ ನಿಯಮವೊಂದೇ: ಅದರ ಜಠರವು ದೇಹಕ್ಕೆ ಹೋಲಿಸಿದರೆ ಚಿಕ್ಕದು, ಹುಲ್ಲು ಹೆಚ್ಚು, ಕಾಳು ಕಡಿಮೆ, ಅದೂ ಹಲವು ಹೊತ್ತಿಗೆ ಹಂಚಿ.

ಅಂದು ನಾನು ಕುದುರೆಗೆ ಉಣಿಸಿದ್ದು ನನ್ನ ಪಾಂಡಿತ್ಯದ ಸಂತೋಷಕ್ಕಾಗಿಯೇ ಹೊರತು ಅದರ ಹಸಿವೆಗಾಗಿ ಅಲ್ಲ. ಮುಂದೆ ಶಾಲೆಯಲ್ಲಿಯೂ, ಮಕ್ಕಳಿಗೆ ಹೆಚ್ಚು ಹೇಳಿಬಿಡಬೇಕೆಂಬ ಆತುರವುಂಟಾದಾಗಲೆಲ್ಲ ಆ ಕಾದ ಗೊರಸು ನನ್ನ ಅಂಗೈಗೆ ನೆನಪಾಗುತ್ತಿದ್ದಿತು.

ಕುರುಬನು ನಗುತ್ತಲೇ, “ಹಾಕ್ರಿ ಯಜಮಾನ್ರ, ಒಂದ ಹಿಡಿ ಸಾಕು,” ಎಂದನು. ಒಂದೇ ಹಿಡಿ ಹಾಕಿ, ತಟ್ಟು ಅದನ್ನು ತಿಂದು ಮುಗಿಸುವವರೆಗೂ ನಿಂತಿದ್ದು ಬಂದೆನು.