ಭಕ್ಷೀಸಲ್ಲ, ಸಂಬಳ

ಡಲ್ಲಾಸ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಒಂದು ಸಂಜೆ ಹೋಟೆಲಿನಲ್ಲಿ ಊಟ ಮಾಡಿದೆವು. ಬಿಲ್ಲು 60 ಡಾಲರ್. ಮಗ ಮೇಜಿನ ಮೇಲೆ 12 ಡಾಲರ್ ಟಿಪ್ಸ್ ಇಟ್ಟು ಕಾರು ತರಲು ಹೋದ. ಊರಿನ ಹೋಟೆಲಿನಲ್ಲಿ ಸೋಂಪಿನ ತಟ್ಟೆಗೆ ಚಿಲ್ಲರೆ ಹಾಕಿ ಏಳುವವನು ನಾನು. ದುಂದೆನಿಸಿ, 10 ಡಾಲರಿನ ನೋಟನ್ನು ಹಿಂದಕ್ಕೆ ತೆಗೆದುಕೊಂಡೆ.

ದಾರಿಯಲ್ಲಿ ಹೆಮ್ಮೆಯಿಂದ ಹೇಳಿದಾಗ ಮಗ ಕಾರು ನಿಲ್ಲಿಸಿದ. "ಅಪ್ಪಾ, ಅದು ಭಕ್ಷೀಸಲ್ಲ, ಅವರ ಸಂಬಳ" ಎಂದ. ಟಿಪ್ಸ್ ಸೇರಿ ಗಂಟೆಗೆ 7.25 ಡಾಲರ್ ತುಂಬುವುದಾದರೆ ಮಾಲೀಕರು 2.13 ಡಾಲರ್ ಕೊಟ್ಟರೆ ಸಾಕು. ಈ ಮೊತ್ತ 1991ರಿಂದ ಬದಲಾಗಿಲ್ಲವಂತೆ. ಆದುದರಿಂದಲೇ ಬಿಲ್ಲಿನ ಶೇಕಡಾ 15ರಿಂದ 20ರಷ್ಟು ಕೊಡುವುದು ಅಲ್ಲಿನ ವಾಡಿಕೆ.

ಹಿಂದಿರುಗಿ, ಬಡಿಸಿದ ಹುಡುಗಿಯ ಕೈಗೇ ನೋಟನ್ನಿತ್ತೆ. ಅವಳು ನಕ್ಕು ವಂದಿಸಿದಳು. ಮೂರು ದಶಕ ತಿಂಗಳು ತಪ್ಪದೆ ಸಂಬಳ ಎಣಿಸಿಕೊಂಡ ಈ ಮೇಷ್ಟರಿಗೆ ತಲೆಯೆತ್ತಲಾಗಲಿಲ್ಲ.