ಅಬ್ಬಾರ ಎಡಗಡೆ

ಅಬ್ಬಾರ ಕಣ್ಣಿನ ಪೊರೆ ತೆಗೆಸಲೆಂದು ಬೆಂಗಳೂರಿಗೆ ಹೋಗಿದ್ದೆವು. ಆಪರೇಷನ್ ಮುಗಿದು, ಡಾಕ್ಟರು ವಾರ ಬಿಟ್ಟು ಮತ್ತೆ ಬನ್ನಿ ಎಂದಿದ್ದರಿಂದ ಅಕ್ಕನ ಮನೆಯಲ್ಲೇ ಉಳಿದುಕೊಂಡೆವು. ಅಕ್ಕನ ಮಗ ಧ್ವನಿಗೆ ಸಂಬಂಧಪಟ್ಟ ಸಾಫ್ಟ್‌ವೇರ್ ಮಾಡುವ ಸಣ್ಣದೊಂದು ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. "ಮಾಮು, ಭಾನುವಾರ ನಮ್ಮ ಆಫೀಸಿನಲ್ಲಿ ಯಾರೂ ಇರೋದಿಲ್ಲ. ನಾನಾರನ್ನೂ ಕರ್ಕೊಂಡು ಬನ್ನಿ. ಒಂದು ತಮಾಷೆ ತೋರಿಸ್ತೀನಿ" ಎಂದ. ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತು ಬೇಸತ್ತಿದ್ದ ಅಬ್ಬಾ ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತರು.

ನನಗೂ ಹೆಡ್‌ಫೋನಿಗೂ ಇರುವುದು ಬಡವರ ಸಂಬಂಧ. ದಾವಣಗೆರೆಯಲ್ಲಿ ಓದುವಾಗ ಹಾಸ್ಟೆಲಿನ ಗೆಳೆಯನ ಬಳಿ ಒಂದು ವಾಕ್‌ಮನ್ ಇತ್ತು. ವೈರಿನ ಒಂದು ಕೊನೆ ಅವನ ಕಿವಿಗೆ, ಇನ್ನೊಂದು ಕೊನೆ ನನ್ನ ಕಿವಿಗೆ. ಸ್ಟೀರಿಯೋ ಹಾಡುಗಳಲ್ಲಿ ತಬಲಾ ಎಷ್ಟೋ ಸಲ ಅವನ ಪಾಲಿಗೇ ಹೋಗುತ್ತಿತ್ತು, ನನಗೆ ಪಿಟೀಲು ಮಾತ್ರ. ಅದೇ ಹಾಡನ್ನು ಮುಂದೆ ಹೋಟೆಲಿನ ರೇಡಿಯೋದಲ್ಲಿ ಕೇಳಿದಾಗ, ಅರೆ, ಇದರಲ್ಲಿ ತಬಲಾ ಇದೆಯಲ್ಲ ಎಂದು ಬೆರಗಾಗಿದ್ದೇನೆ.

ಅಳಿಯ ಮೊದಲು ಬೆಲೆಬಾಳುವ ಹೆಡ್‌ಫೋನ್‌ಗಳನ್ನು ಒಂದೊಂದಾಗಿ ತಲೆಗೇರಿಸಿದ. ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 800 ಎಸ್. ಎರಡು ಸಾರಿನ ಬಟ್ಟಲುಗಳನ್ನು ಕಿವಿಗೆ ಕವುಚಿದಷ್ಟು ದೊಡ್ಡದು, ಆದರೂ ಕಿವಿಗೆ ಎಲ್ಲೂ ತಾಗುವುದಿಲ್ಲ. ಹೊರಮೈ ಜಾಲರಿ, ಹೊರಗಿನ ಸದ್ದೂ ಒಳಗೆ ಬರುತ್ತದೆ. ಬೆಲೆ ಕೇಳಿದೆ, ಲಕ್ಷಕ್ಕೂ ಮೇಲೆ ಎಂದ. ಆಮೇಲೆ ಜಪಾನಿನ ಸ್ಟ್ಯಾಕ್ಸ್. ಇವರು 1960ರಿಂದಲೂ ಒಂದೇ ಹಟ ಹಿಡಿದು ಕೂತವರು. ಸುರುಳಿ, ಅಯಸ್ಕಾಂತಗಳ ಗೊಡವೆ ಇಲ್ಲ. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಹಾಳೆಯೊಂದನ್ನು ತೂತುಗಳಿರುವ ಎರಡು ತಗಡುಗಳ ನಡುವೆ ಬಿಗಿದು, ವಿದ್ಯುತ್ತಿನ ಸೆಳೆತದಿಂದಲೇ ಅದನ್ನು ಕಂಪಿಸುತ್ತಾರೆ. ಅದಕ್ಕೆಂದೇ ಬೇರೆ ಆಂಪ್ಲಿಫೈಯರ್ ಬೇಕು. ಅದರಲ್ಲಿ ಒಂದು ಕವ್ವಾಲಿ ಹಾಕಿದ. ಚಪ್ಪಾಳೆಯಲ್ಲಿ ಒಬ್ಬೊಬ್ಬರ ಅಂಗೈ ಬೇರೆಬೇರೆಯಾಗಿ ಕೇಳಿಸಿತು. ಹಾರ್ಮೋನಿಯಂ ತಿದಿ ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಎರಡು ಸಾವಿರದ್ದಕ್ಕೂ ಇಪ್ಪತ್ತು ಸಾವಿರದ್ದಕ್ಕೂ ವ್ಯತ್ಯಾಸ ನನ್ನಂಥವನ ಕಿವಿಗೂ ತಿಳಿಯುತ್ತದೆ. ಇಪ್ಪತ್ತು ಸಾವಿರದ್ದಕ್ಕೂ ಲಕ್ಷದ್ದಕ್ಕೂ ಇರುವ ವ್ಯತ್ಯಾಸ ಅಳಿಯನಿಗೆ ತಿಳಿಯಿತು, ನಾನು ತಲೆಯಾಡಿಸಿದೆ.

ಆದರೆ ಕವ್ವಾಲರು ಕೂತಿದ್ದದ್ದು ನನ್ನ ತಲೆಬುರುಡೆಯೊಳಗೆ, ಎಲ್ಲೋ ಮೂಗಿನ ಹಿಂದೆ. ಅಷ್ಟೊಂದು ಜನ, ಇಷ್ಟೇ ಜಾಗದಲ್ಲಿ!

"ಅದೇ ಮಾಮು ಸಮಸ್ಯೆ" ಎಂದು ಅಳಿಯ ಕುರ್ಚಿ ಎಳೆದುಕೊಂಡ. ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಬಲಗಡೆಯ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ. ಎಡಗಿವಿಗೆ ಮುಟ್ಟಲು ತಲೆಯನ್ನು ಬಳಸಿಕೊಂಡು ಹೋಗಬೇಕು. ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಹೊತ್ತು ತಡ. ಅಷ್ಟು ಸಣ್ಣ ತಡವನ್ನು ಮಿದುಳು ಹಿಡಿದುಬಿಡುತ್ತದೆ. ಜೊತೆಗೆ ತಲೆಯ ನೆರಳೂ ಬೀಳುತ್ತದೆ. ಕೀಚಲು ಸದ್ದುಗಳನ್ನು ತಲೆ ತಡೆಯುತ್ತದೆ, ಗಡಸು ಸದ್ದುಗಳು ಸುತ್ತಿಕೊಂಡು ಆಚೆಗೆ ಹೋಗುತ್ತವೆ. ಎಡಬಲದ ಲೆಕ್ಕ ಇಷ್ಟು. ಹಿಂದೆ ಮುಂದೆ, ಮೇಲೆ ಕೆಳಗೆ ತಿಳಿಯುವುದು ಹೊರಕಿವಿಯ ಮಡಿಕೆಗಳಿಂದ. ನಾವು ಬರೀ ಓಲೆ ಹಾಕಲು, ಮಾಸ್ತರು ಹಿಂಡಲು ಎಂದುಕೊಂಡಿರುವ ಆ ಮಡಿಕೆಗಳು ಬರುವ ಸದ್ದನ್ನು ಅದರ ದಿಕ್ಕಿಗೆ ತಕ್ಕಂತೆ ಬೇರೆಬೇರೆಯಾಗಿ ಸೋಸುತ್ತವೆ. ಹೆಡ್‌ಫೋನ್ ಇದನ್ನೆಲ್ಲ ದಾಟಿ ಸದ್ದನ್ನು ನೇರವಾಗಿ ಕಿವಿಯ ಬಾಗಿಲಿಗೆ ಸುರಿಯುತ್ತದೆ. ದಿಕ್ಕಿನ ಗುರುತು ಸಿಗದೆ ಮಿದುಳು ಅದನ್ನು ತಲೆಯೊಳಗೇ ಇಟ್ಟುಕೊಳ್ಳುತ್ತದೆ.

ಎರಡು ಕಿವಿಯ ಈ ಮೋಡಿ ಹೊಸದೇನಲ್ಲ. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಎಂಬಾತ ಒಪೆರಾ ರಂಗದ ಮೇಲೆ ಟೆಲಿಫೋನಿನ ಮೈಕುಗಳನ್ನು ಸಾಲಾಗಿಟ್ಟು ದೂರದ ಕೋಣೆಗೆ ತಂತಿ ಎಳೆದಿದ್ದ. ಒಂದೊಂದು ಕಿವಿಗೆ ಒಂದೊಂದು ರಿಸೀವರ್ ಹಿಡಿದವರಿಗೆ ಹಾಡುಗಾರರು ರಂಗದ ಆ ಕಡೆಯಿಂದ ಈ ಕಡೆಗೆ ನಡೆದದ್ದು ತಿಳಿಯುತ್ತಿತ್ತಂತೆ. ಈಗಿನದು ಅದರ ಮೊಮ್ಮಗ. ಕಿವಿ ಮಾಡುವ ಕೆಲಸವನ್ನು ಲೆಕ್ಕ ಹಾಕಿ, ಸದ್ದು ಹೆಡ್‌ಫೋನಿಗೆ ಬರುವ ಮೊದಲೇ ಅದಕ್ಕೆ ದಿಕ್ಕಿನ ಗುರುತು ಹಚ್ಚಿಬಿಡುವುದು.

ಸಮಸ್ಯೆ ಏನೆಂದರೆ, ಯಾರ ಕಿವಿಯ ಲೆಕ್ಕ? ಮೊದಲು ಅಳಿಯ ತನ್ನ ಫೋನಿಗೆ ಸಿಕ್ಕಿಸಿ ತೋರಿಸಿದ್ದು ಎಲ್ಲರಿಗೂ ಒಂದೇ ಲೆಕ್ಕದ್ದು, ರೆಡಿಮೇಡ್ ಶರ್ಟಿನ ಹಾಗೆ. ಮುಂದೆ ಇರಬೇಕಾದ ಮನುಷ್ಯ ನನ್ನ ಬೆನ್ನ ಹಿಂದೆ ನಿಂತು ಮಾತಾಡಿದ. ಹಿಂದಿನಿಂದ ಬರಬೇಕಾದ ಕಾರು ನೆತ್ತಿಯ ಮೇಲೆ ಹೋಯಿತು. "ಬೇರೆಯವರ ಕಿವಿಯಲ್ಲಿ ಕೇಳ್ತಿದ್ದೀರಿ ಮಾಮು" ಎಂದು ನಕ್ಕ. ನೆದರ್ಲೆಂಡ್ಸಿನ ನೈಮೇಖನ್ನಿನಲ್ಲಿ ಕೆಲವರ ಹೊರಕಿವಿಯ ಮಡಿಕೆಗಳಿಗೆ ಅಚ್ಚು ತುಂಬಿಸಿ ಕಿವಿಯ ಆಕಾರವನ್ನೇ ಬದಲಿಸಿದ್ದರಂತೆ, ಅದರ ವರದಿ ಬಂದದ್ದು 1998ರಲ್ಲಿ. ಅವರಿಗೆ ಸದ್ದಿನ ಮೇಲು ಕೆಳಗು ಗೊತ್ತಾಗದೆ ಹೋಯಿತು. ಕೆಲವು ವಾರ ಅದೇ ಅಚ್ಚಿನಲ್ಲಿ ಬದುಕಿದ ಮೇಲೆ ಹೊಸ ಕಿವಿಯೂ ಒಗ್ಗಿತು. ಅಚ್ಚು ತೆಗೆದರೆ ಹಳೆಯ ಕಿವಿ ಮರೆತಿರಲಿಲ್ಲ. ಏಳನೇ ಕ್ಲಾಸಿನವರೆಗೆ ಬಲದಿಂದ ಎಡಕ್ಕೆ ಬರೆದು, ಎಂಟನೆಯದರಿಂದ ಎಡದಿಂದ ಬಲಕ್ಕೆ ಬರೆದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಅಳಿಯ ತೋರಿಸಬೇಕೆಂದಿದ್ದ ತಮಾಷೆ ಬಂತು. ಸ್ಮಿತ್ ರಿಸರ್ಚ್ ಎಂಬ ಕಂಪನಿ ರಿಯಲೈಸರ್ ಎಂಬ ಯಂತ್ರದಲ್ಲಿ ಮಾಡಿದ ಕೆಲಸ ಈ ದಾರಿಯಲ್ಲಿ ಹೆಸರಾದದ್ದು. ಇವರ ಆಫೀಸಿನಲ್ಲಿದ್ದದ್ದೂ ಅದೇ ಬಗೆಯ ಏರ್ಪಾಡು. ಕೋಣೆಯಲ್ಲಿ ನನ್ನ ಎದುರಿಗೆ ಎಡ, ನಡು, ಬಲ ಎಂದು ಮೂರು ಸ್ಪೀಕರುಗಳು. ನನ್ನ ಎರಡೂ ಕಿವಿಯೊಳಗೆ ಹುಣಸೆ ಬೀಜಕ್ಕಿಂತ ಚಿಕ್ಕದಾದ ಮೈಕುಗಳನ್ನಿಟ್ಟ. ಒಂದೊಂದು ಸ್ಪೀಕರಿನಿಂದಲೂ ಗಡಸಿನಿಂದ ಕೀಚಲಿಗೆ ಏರುವ ಶಿಳ್ಳೆಯಂಥ ಸದ್ದು ಬಂತು. ನೇರ ನೋಡಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ ಎಂದು ಮೂರು ಸಲ ಅಳೆದ. ಹತ್ತು ನಿಮಿಷದ ಕೆಲಸ. ಆಮೇಲೆ ಮೈಕು ತೆಗೆದು, ಹೆಡ್‌ಫೋನ್ ಹಾಕಿ, ತಲೆ ತಿರುಗಿದ್ದನ್ನು ತಿಳಿಯುವ ಸಣ್ಣ ಡಬ್ಬಿಯೊಂದನ್ನು ಅದರ ನೆತ್ತಿಗೆ ಅಂಟಿಸಿದ.

ಕವ್ವಾಲಿ ಮತ್ತೆ ಶುರುವಾಯಿತು. ಎದುರಿನ ಸ್ಪೀಕರುಗಳಿಂದ ಬರುತ್ತಿತ್ತು. "ಹೆಡ್‌ಫೋನ್ ಆನ್ ಮಾಡಪ್ಪ" ಎಂದೆ. ಅಳಿಯ ಮಾತಾಡದೆ ನನ್ನ ತಲೆಯಿಂದ ಅದನ್ನು ತೆಗೆದ. ಕೋಣೆ ನಿಶ್ಶಬ್ದ. ಮತ್ತೆ ಹಾಕಿದ, ಕವ್ವಾಲರು ಎದುರಿಗೆ. ನಾನೇ ಎದ್ದು ಹೋಗಿ ಸ್ಪೀಕರಿನ ಮೇಲೆ ಕೈಯಿಟ್ಟು ನೋಡಿದೆ, ಸದ್ದಿನ ಸುಳಿವಿಲ್ಲ. ತಲೆ ಎಡಕ್ಕೆ ತಿರುಗಿಸಿದರೂ ಹಾಡುಗಾರ ಅಲ್ಲೇ ಕೂತಿದ್ದ, ನನ್ನ ಜೊತೆ ತಿರುಗಲಿಲ್ಲ. ಸುಬ್‌ಹಾನಲ್ಲಾ ಎಂದು ಬಾಯಿಂದ ಬಂತು.

ಅಬ್ಬಾ ಮೂಲೆಯ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. "ನಾನಾ, ಈಗ ನೀವು" ಎಂದ ಅಳಿಯ.

"ಬೇಡ ಬಿಡೋ" ಎಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಅಬ್ಬಾರಿಗೆ ಎಡಗಿವಿ ಕೇಳುವುದಿಲ್ಲ. ಐದಾರು ವರ್ಷದವರಿದ್ದಾಗ ಕಿವಿ ಸೋರುತ್ತಿತ್ತಂತೆ. ಬಿಸಿ ಎಣ್ಣೆ, ಬೆಳ್ಳುಳ್ಳಿ, ತಾಯಿತ ಎಲ್ಲ ಆಗಿ, ಕೊನೆಗೆ ಸೋರುವುದು ನಿಂತಾಗ ಕೇಳುವುದೂ ನಿಂತಿತ್ತು. ನಮ್ಮ ಹರಿಹರದ ಗಲ್ಲಿಯಲ್ಲಿ ಯಾರಾದರೂ "ಮಾಸ್ಟರ್ ಸಾಬ್" ಎಂದು ಕೂಗಿದರೆ ಅಬ್ಬಾ ನಿಂತು, "ಕೌನ್ ಬುಲಾರಾ?" ಎನ್ನುತ್ತಾ ಮೆಲ್ಲಗೆ ತಲೆ ತಿರುಗಿಸುತ್ತಿದ್ದರು. ಮೊದಲು ತಪ್ಪು ದಿಕ್ಕಿಗೆ, ಆಮೇಲೆ ಸರಿಯಾದ ದಿಕ್ಕಿಗೆ. ಹುಡುಗರು ಇದನ್ನು ಅಣಕಿಸಿ ತೋರಿಸುತ್ತಿದ್ದರು. ಉರ್ದು ಸ್ಕೂಲಿನಲ್ಲಿ ನಾನು ಅವರದೇ ಕ್ಲಾಸಿನಲ್ಲಿ ಓದಿದವನು. ಬೋರ್ಡಿನ ಕಡೆ ಮುಖ ಮಾಡಿ ನಿಂತಾಗ ಅವರ ಎಡಕ್ಕೆ ಬರುವ ಬೆಂಚುಗಳಲ್ಲಿ ಏನು ಮಾತಾಡಿದರೂ ನಡೆಯುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು.

ಮಗನೆಂದು ಅವರು ನನಗೆ ಒಂದು ಏಟು ಹೆಚ್ಚೇ ಕೊಡುತ್ತಿದ್ದರು. ಮಗ್ಗಿ ತಪ್ಪಿದರೆ ಎಲ್ಲರ ಎದುರಿಗೆ ಕೆನ್ನೆಗೆ ಬೀಳುತ್ತಿತ್ತು. ಸಂಜೆ ಇಬ್ಬರೂ ಒಟ್ಟಿಗೆ ನಡೆದು ಮನೆಗೆ ಬರುವಾಗ ನಾನು ಅವರ ಎಡಗಡೆ ನಡೆಯುತ್ತಿದ್ದೆ. ನಡೆಯುತ್ತಾ, ತುಟಿ ಹೆಚ್ಚು ಅಲ್ಲಾಡಿಸದೆ ಬೈಯುತ್ತಿದ್ದೆ. ಬೀದಿಯಲ್ಲಿ ಕಲಿತ ಎಲ್ಲ ಬೈಗುಳಗಳನ್ನೂ, ಕನ್ನಡದವನ್ನೂ ಸೇರಿಸಿ. ಅವರು ಏನಾದರೂ ಕೇಳಿದರೆ ಸರ್ರನೆ ಬಲಕ್ಕೆ ಬಂದು "ಜೀ ಅಬ್ಬಾ" ಎನ್ನುವುದು, ಮತ್ತೆ ಎಡಕ್ಕೆ ಹೋಗುವುದು. ದೊಡ್ಡವನಾದ ಮೇಲೆ ಬೈಗುಳ ಬಿಟ್ಟಿತು, ಜಾಗ ಬಿಡಲಿಲ್ಲ. ಅವರಿಗೆ ಹೇಳಲಾಗದ್ದನ್ನೆಲ್ಲ ಎಡಗಡೆ ಹೇಳಿದ್ದೇನೆ. ಇನ್ನು ಮುಂದೆ ಕನ್ನಡದಲ್ಲೇ ಬರೆಯುತ್ತೇನೆ ಎಂದು ಮೊದಲು ಹೇಳಿದ್ದೂ ಅಲ್ಲೇ. ಇದನ್ನು ನಾನು ಹೆಂಡತಿಯ ಹತ್ತಿರವೂ ಹೇಳಿಕೊಂಡಿಲ್ಲ.

ಎರಡು ಕಿವಿಯ ಆಟವನ್ನು ಒಂದು ಕಿವಿಯವರ ತಲೆಗೆ ಹಾಕಿ ಅವಮಾನ ಮಾಡುವುದು ಬೇಡ ಎಂದು ಅಳಿಯನನ್ನು ತಡೆದೆ. ಅಬ್ಬಾ ಕೈ ಚಾಚಿದರು. "ಕೊಡಲಿ ಬಿಡು. ನೋಡೋಣ."

ಅಳಿಯ ಅವರ ಎರಡೂ ಕಿವಿಗೆ ಮೈಕಿಟ್ಟು ಅಳೆದ. ಎಡಗಿವಿಯ ಅಳತೆಯೂ ಚೊಕ್ಕವಾಗಿ ಬಂತು. ಅದರ ಮಡಿಕೆಗಳಿಗೆ ಏನಾಗಿತ್ತು? ಕೆಟ್ಟದ್ದು ಒಳಗೆ, ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಹಾಡು ಬೇಡ ಎಂದರು ಅಬ್ಬಾ. ಯಾರೋ ಉರ್ದು ಕಥೆಯೊಂದನ್ನು ಓದಿದ್ದು ಅಳಿಯನ ಬಳಿ ಇತ್ತು, ಅದನ್ನೇ ಹಾಕಿದ. ಮೊದಲು ತಲೆಯ ಡಬ್ಬಿಯನ್ನು ಆನ್ ಮಾಡದೆ. ಅಬ್ಬಾ ಅತ್ತ ಇತ್ತ ತಲೆ ತಿರುಗಿಸಿದರು, ಬಲಗಿವಿಯನ್ನು ಬೆರಳಿನಿಂದ ತಟ್ಟಿ, "ಇಲ್ಲೇ ಇದಾನೆ, ಎಲ್ಲೂ ಹೋಗಲ್ಲ" ಎಂದರು. ನಾನು ಅಳಿಯನನ್ನು ದುರುಗುಟ್ಟಿ ನೋಡಿದೆ. ಅವನು ಡಬ್ಬಿ ಆನ್ ಮಾಡಿದ. ಧ್ವನಿಯನ್ನು ಎಡ ಸ್ಪೀಕರಿನ ಜಾಗಕ್ಕೆ ಕಳಿಸಿದ.

ಅಬ್ಬಾ ಸುಮ್ಮನಾದರು. ಆಮೇಲೆ, ಗಲ್ಲಿಯಲ್ಲಿ ಮಾಡುತ್ತಿದ್ದರಲ್ಲ, ಹಾಗೇ, ಮೆಲ್ಲಗೆ ತಲೆ ಬಲಕ್ಕೆ ತಿರುಗಿಸಿದರು. ತಡೆದರು. ಮತ್ತೆ ಎಡಕ್ಕೆ, ಬಲಗಿವಿ ಮುಂದೆ ಬರುವ ಹಾಗೆ. ಇನ್ನೂ ಒಂಚೂರು ಎಡಕ್ಕೆ. ಕಪ್ಪು ಕನ್ನಡಕದೊಳಗೆ ಕಣ್ಣು ಮುಚ್ಚಿದ್ದರೋ ತೆರೆದಿದ್ದರೋ ತಿಳಿಯಲಿಲ್ಲ. ಕೈಯೆತ್ತಿ ಎಡ ಸ್ಪೀಕರನ್ನು ತೋರಿಸಿದರು.

"ವಹಾಂ."

ಅಳಿಯ ಧ್ವನಿಯನ್ನು ನಡುವಿಗೆ, ಬಲಕ್ಕೆ, ಮತ್ತೆ ಎಡಕ್ಕೆ ಬದಲಿಸಿ ನಾಲ್ಕೈದು ಸಲ ಪರೀಕ್ಷೆ ಮಾಡಿದ. ಒಂದು ಸಲ ಮಾತ್ರ ತಪ್ಪಿತು. ಒಂದೇ ಕಿವಿಯವರು ತಲೆ ತಿರುಗಿಸುತ್ತಾ, ಸದ್ದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ಅದರ ಬಣ್ಣ ಹೇಗೆ ಬದಲಾಗುತ್ತದೆ ಎಂಬುದರಿಂದ ದಿಕ್ಕು ಕಂಡುಕೊಳ್ಳುತ್ತಾರೆ ಎಂದು ವಿವರಿಸಿದ. ಮಾಮೂಲಿ ಹೆಡ್‌ಫೋನಿನಲ್ಲಿ ತಲೆ ತಿರುಗಿಸಿದರೂ ಏನೂ ಬದಲಾಗುವುದಿಲ್ಲ, ಹಾಗಾಗಿ ಅವರಿಗೆ ದಾರಿಯೇ ಇಲ್ಲ. ಅಂದ ಹಾಗೆ, ಒಂದು ಕಿವಿ ಕೇಳದವರಿಗಾಗಿ ಈಗಿನ ಫೋನುಗಳಲ್ಲಿ ಎರಡೂ ಕಡೆಯ ಸದ್ದನ್ನು ಕೂಡಿಸಿ ಕೊಡುವ ಮೋನೋ ಸೆಟ್ಟಿಂಗ್ ಇದೆ. ಅವತ್ತೇ ಅಬ್ಬಾರ ಫೋನಿನಲ್ಲಿ ಹಾಕಿಕೊಟ್ಟ. ಇಷ್ಟು ವರ್ಷ ಅರ್ಧ ಪಕ್ಕವಾದ್ಯದ ನಾತ್‌ಗಳನ್ನು ಕೇಳುತ್ತಿದ್ದರೇನೋ. ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಹೆಡ್‌ಫೋನ್ ತೆಗೆಯುತ್ತಾ ಅಬ್ಬಾ ಮೊಮ್ಮಗನಿಗೆ ಹೇಳಿದರು: "ಇದರಲ್ಲಿ ಹೊಸದೇನಿದೆ? ನಿಮ್ಮ ಮಾಮು ಎಡಗಡೆ ನಡೆದು ಬರ್ತಿದ್ದಾಗ ನಾನು ಹೀಗೇ ತಾನೇ ಮಾಡ್ತಿದ್ದೆ."

ಅಳಿಯ ನಕ್ಕ. ನನಗೆ ನಗು ಬರಲಿಲ್ಲ. ಸಂಜೆಯ ರಸ್ತೆಯಲ್ಲಿ ಅಬ್ಬಾ ಆಗಾಗ ಎಡಕ್ಕೆ ಮುಖ ತಿರುಗಿಸುತ್ತಿದ್ದದ್ದು ನೆನಪಿದೆ. ಅಂಗಡಿ ನೋಡುತ್ತಾರೆ, ಪರಿಚಯದವರಿಗೆ ಸಲಾಂ ಹೇಳುತ್ತಾರೆ ಎಂದುಕೊಂಡಿದ್ದೆ.

ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದು ಅಳಿಯನನ್ನು ಕೇಳಿದೆ. ಕೇಳದ ಕಿವಿಯ ಕಡೆ ಪಿಸುಗುಟ್ಟಿದರೆ ಆಚೆಯ ಕಿವಿಗೆ ಎಷ್ಟು ಮುಟ್ಟುತ್ತದೆ? ಬರೀ ಪಿಸುಮಾತಾದರೆ ಕಡಿಮೆ, ಗೊಣಗಿದರೆ ಚೆನ್ನಾಗಿಯೇ ಮುಟ್ಟುತ್ತದೆ ಎಂದ. ತಲೆಯ ನೆರಳು ತಡೆಯುವುದು ಕೀಚಲು ಸದ್ದುಗಳನ್ನು, ಅಂದರೆ ಸ, ಶ, ತ, ಕ ಇಂಥವನ್ನು. ಅ ಆ ಇ ಈ ಸುತ್ತಿಕೊಂಡು ಹೋಗಿಬಿಡುತ್ತವೆ. ಸ್ವರ ಕೇಳಿಸುತ್ತದೆ, ವ್ಯಂಜನ ಮಸುಕಾಗುತ್ತದೆ. ಉರ್ದು ಬರಹದಲ್ಲಿ ಇದರ ತಿರುಗುಮುರುಗು. ಬರೆಯುವುದು ವ್ಯಂಜನವನ್ನು, ಹ್ರಸ್ವ ಸ್ವರಗಳನ್ನು ಓದುವವನು ತಾನೇ ತುಂಬಿಕೊಳ್ಳಬೇಕು. ಅದನ್ನು ತುಂಬಿಕೊಂಡು ಓದಲು ನನಗೆ ಕಲಿಸಿದವರೇ ಅಬ್ಬಾ. ಅವರಿಗೆ ನನ್ನ ಬೈಗುಳಗಳ ವ್ಯಂಜನ ತುಂಬಿಕೊಳ್ಳುವುದು ಕಷ್ಟವಾಗಿರಲಾರದು.

ಹೊರಡುವಾಗ ಅಬ್ಬಾ ಯಂತ್ರದ ಬೆಲೆ ಕೇಳಿದರು. ಅಳಿಯ ಹೇಳಿದ. "ತೌಬಾ" ಎಂದು ಕೆನ್ನೆ ಮುಟ್ಟಿಕೊಂಡರು.

ಆಟೋದಲ್ಲಿ ನಾನು ಹತ್ತುವಷ್ಟರಲ್ಲಿ ಅವರು ಬಲಕ್ಕೆ ಸರಿದು ಕೂತಿದ್ದರು. ನನಗೆ ಉಳಿದದ್ದು ಎಡಗಡೆ. ಸಿಗ್ನಲ್ ಬಿದ್ದಾಗ ಆಟೋದವನು ಇಂಜಿನ್ ನಿಲ್ಲಿಸಿದ. ನಾನು ಬಾಗಿ ಅವರ ಬಲಗಿವಿಯ ಹತ್ತಿರ ಹೋಗಿ ಕೇಳಬಹುದಿತ್ತು, ಹೋಗಲಿಲ್ಲ. ಕೂತಲ್ಲಿಂದಲೇ, ಹೆಚ್ಚು ಜೋರಾಗಿಯೂ ಅಲ್ಲ, "ಅಬ್ಬಾ, ಆಗೆಲ್ಲ ನಿಮಗೆ ಕೇಳಿಸ್ತಿತ್ತಾ?" ಎಂದೆ.

ಅಬ್ಬಾ ಮೆಲ್ಲಗೆ ನನ್ನ ಕಡೆ ಮುಖ ತಿರುಗಿಸಿದರು.

"ಶನಿವಾರ ಜಾಸ್ತಿ ಬೈತಿದ್ದೆ" ಎಂದರು. "ಮಗ್ಗಿ ಒಪ್ಪಿಸೋ ದಿನ ಅಲ್ವಾ."